ತವರಿನ ಹೆಸರು: ಕಾಕತಿಯ ಮಗಳೊಬ್ಬಳ ವಂಶಾವಳಿ



ಮೊದಲು ಒಂದು ಹಾಳೆ, ಒಂದು ಪೆನ್ಸಿಲ್ಲು ತೆಗೆದುಕೊಳ್ಳಿ. ನಿಮ್ಮ ತಂದೆಯ ಹೆಸರು ಬರೆಯಿರಿ. ಅದರ ಮೇಲೆ ಅಜ್ಜನ ಹೆಸರು, ಅದರ ಮೇಲೆ ಮುತ್ತಜ್ಜನ ಹೆಸರು. ನಿಮ್ಮಲ್ಲಿ ಬಹಳ ಮಂದಿ ಇಲ್ಲಿಯವರೆಗೆ ತಡವರಿಸದೆ ಬರುತ್ತೀರಿ. ಹೊಲದ ಉತಾರ ನೋಡಿದವರಾದರೆ ಇನ್ನೂ ಒಂದು ಮೆಟ್ಟಿಲು ಏರಬಲ್ಲಿರಿ. ಈಗ ಹಾಳೆಯನ್ನು ತಿರುವಿ ಹಾಕಿ. ತಾಯಿಯ ಹೆಸರು ಬರೆಯಿರಿ, ತಾಯಿಯ ತಾಯಿಯ ಹೆಸರು ಬರೆಯಿರಿ, ಅವಳ ತಾಯಿಯ ಹೆಸರು ಬರೆಯಿರಿ. ಆ ಮೂರನೆಯವಳು ಯಾವ ಊರಿನ ಮಗಳು? ಅವಳ ತಂದೆ ಯಾರು?

ಪೆನ್ಸಿಲ್ಲು ನಿಂತಿತಲ್ಲವೇ? ನಾಚಿಕೊಳ್ಳಬೇಡಿ, ನನ್ನದೂ ಅಲ್ಲೇ ನಿಂತಿತ್ತು. ಇತಿಹಾಸ ಕಲಿಸುವ ವೃತ್ತಿಗೆ ಬಂದು ಎಷ್ಟೋ ವರ್ಷಗಳಾದ ಮೇಲೂ ನಿಂತಿತ್ತು. ಅದು ಹೇಗೆ ಮುಂದೆ ಸರಿಯಿತು ಎಂಬುದನ್ನೇ ಈ ಮಾತುಗಳಲ್ಲಿ ಹೇಳಬೇಕೆಂದಿದ್ದೇನೆ.

ಊರು ಬಿಟ್ಟು ಹೋದ ಹೆಣ್ಣಿನ ಹಿಂದಿನ ಮನೆತನವನ್ನು ಹುಡುಕುವ ಕೆಲಸ ನಮ್ಮಲ್ಲಿ ಹೊಸದೆನಿಸಿದರೂ ಬೇರೆ ದೇಶಗಳಲ್ಲಿ ಬಹಳ ಜನ ಅದನ್ನು ಹವ್ಯಾಸವಾಗಿ ಮಾಡುತ್ತಾರೆ. ಅಮೆರಿಕದಲ್ಲಿ ಈ ಹವ್ಯಾಸ ಹೆಚ್ಚು, ಏಕೆಂದರೆ ಅಲ್ಲಿನವರಲ್ಲಿ ಬಹುತೇಕರು ಎಲ್ಲಿಂದಲೋ ಬಂದವರ ಮಕ್ಕಳು. ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನಿಂದ ಪ್ಯೂರಿಟನ್ ಪಂಥದ ಸಾವಿರಾರು ಜನ ಹಡಗು ಹತ್ತಿ ಅಲ್ಲಿಗೆ ಹೋದರು. ಇಂಗ್ಲೆಂಡಿನ ಚರ್ಚು ಇನ್ನೂ ಶುದ್ಧವಾಗಬೇಕು, ಆಡಂಬರ ಕಡಿಮೆಯಾಗಬೇಕು ಎಂದು ಹಟ ಹಿಡಿದವರು ಅವರು. ಅವರಲ್ಲಿ ಆನ್ ಹಚಿನ್‌ಸನ್ ಎಂಬಾಕೆ ಹೆಸರಾದವಳು. 1634ರಲ್ಲಿ ಗಂಡ ಮಕ್ಕಳೊಡನೆ ಬಾಸ್ಟನ್ನಿಗೆ ಹೋದಳು. ಮನೆಯಲ್ಲಿ ಹೆಂಗಸರನ್ನು ಸೇರಿಸಿಕೊಂಡು ಧರ್ಮದ ಮಾತಾಡಿದ್ದಕ್ಕಾಗಿ, ಪಾದ್ರಿಗಳ ಉಪದೇಶವನ್ನು ಪ್ರಶ್ನಿಸಿದ್ದಕ್ಕಾಗಿ 1637ರಲ್ಲಿ ವಿಚಾರಣೆಗೆ ಗುರಿಯಾದಳು. ಮರುವರ್ಷ ವಸಾಹತಿನಿಂದ ಹೊರಗೆ ಹಾಕಿದರು. 1643ರಲ್ಲಿ ಕೊಲೆಯಾಗಿ ಸತ್ತಳು.

ಅವಳ ತವರನ್ನು ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಇಂಗ್ಲೆಂಡಿನಲ್ಲಿ 1538ರಲ್ಲೇ ರಾಜಾಜ್ಞೆಯಾಗಿ ಪ್ರತಿಯೊಂದು ಚರ್ಚಿನಲ್ಲೂ ದೀಕ್ಷಾಸ್ನಾನ, ಮದುವೆ, ಮಣ್ಣು ಈ ಮೂರನ್ನೂ ಪುಸ್ತಕದಲ್ಲಿ ಬರೆಯತೊಡಗಿದ್ದರು. ಲಿಂಕನ್‌ಶೈರಿನ ಆಲ್‌ಫರ್ಡ್ ಎಂಬ ಪುಟ್ಟ ಊರಿನಲ್ಲಿ 1591ರ ಜುಲೈ 20ರಂದು ಆಕೆಗೆ ದೀಕ್ಷಾಸ್ನಾನವಾಯಿತು. ತಂದೆ ಫ್ರಾನ್ಸಿಸ್ ಮಾರ್ಬರಿ, ತಾಯಿ ಬ್ರಿಜೆಟ್ ಡ್ರೈಡನ್. ಒಂದು ಹಳ್ಳಿಯ ಗುಡಿಯ ಪುಸ್ತಕದಿಂದ ನಾಲ್ಕು ಶತಮಾನ ಹಿಂದಿನ ಹೆಣ್ಣಿನ ಎಳೆ ಕೈಗೆ ಸಿಗುತ್ತದೆ. ಅಲ್ಲಿ ಕೂಡ ಎಲ್ಲರ ಎಳೆಯೂ ಹೀಗೆ ಸಿಗುವುದಿಲ್ಲ ಎನ್ನುವುದನ್ನು ಮರೆಯಬಾರದು. ಮದುವೆಯಾದ ಹೆಣ್ಣು ಗಂಡನ ಮನೆತನದ ಹೆಸರು ಹೊತ್ತ ಕೂಡಲೇ ಅವಳ ಹುಟ್ಟುಹೆಸರು ಕಾಗದದಿಂದ ಜಾರಿಬಿಡುತ್ತದೆ. ಆ ಕಾಲದಲ್ಲಿ ಹಡಗು ಹತ್ತಿದ ಎಷ್ಟೋ ಹೆಂಡಂದಿರಿಗೆ ಇವತ್ತಿಗೂ ತವರಿಲ್ಲ. ಬರಿಯ ಮೇರಿ, ಬರಿಯ ಎಲಿಜಬೆತ್ ಎಂದು ಉಳಿದುಬಿಟ್ಟಿದ್ದಾರೆ.

ಈಗ ನಮ್ಮ ಕಡೆಗೆ ಬರೋಣ.

ಬೆಳಗಾವಿಯಿಂದ ಕೊಲ್ಹಾಪುರದ ದಿಕ್ಕಿಗೆ ಹೆದ್ದಾರಿ ಹಿಡಿದರೆ ಸ್ವಲ್ಪದರಲ್ಲೇ ಕಾಕತಿ ಸಿಗುತ್ತದೆ. ಊರಿಗೂ ನಗರಕ್ಕೂ ನಡುವೆ ಇದ್ದ ಹೊಲಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿವೆ. ಕಾಕತಿಯ ಹೆಸರು ಹೇಳಿದ ಕೂಡಲೇ ನೀವು ಕಿತ್ತೂರು ಚೆನ್ನಮ್ಮನ ಹೆಸರು ಹೇಳುತ್ತೀರಿ. ಆಕೆ ಹುಟ್ಟಿದ ಊರು ಇದೇ. ನಾವು ಆಕೆಯನ್ನು ಕಿತ್ತೂರಿನ ಹೆಸರಿನಿಂದ ಕರೆಯುತ್ತೇವೆಯೇ ಹೊರತು ಕಾಕತಿಯ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಇಲ್ಲಿಂದ ಕಿತ್ತೂರಿಗೆ ಐವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು ದೂರ. ಇವತ್ತು ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ಆದರೆ ಮದುವೆಯಾಗಿ ಹೋದ ಹೆಣ್ಣಿಗೆ ಅದು ಸಮುದ್ರ ದಾಟಿದಂತೆಯೇ. ಹೆಸರಿನ ಜೊತೆಗಿದ್ದ ಊರು ಕಳಚಿ ಬಿತ್ತು.

ಕಾಕತಿಯ ಈ ಮಗಳ ಬಗ್ಗೆ ನಮಗೆ ಏನು ಗೊತ್ತು? ತಂದೆ ಧೂಳಪ್ಪಗೌಡ ದೇಸಾಯಿ, ತಾಯಿ ಪದ್ಮಾವತಿ. ಹುಟ್ಟಿದ್ದು 1778ರಲ್ಲಿ. ಹುಡುಗಿಯಾಗಿದ್ದಾಗಲೇ ಕುದುರೆ ಸವಾರಿ, ಕತ್ತಿವರಸೆ, ಬಿಲ್ಲುಬಾಣ ಕಲಿತಳು. ಬೇಟೆಗೆ ಬಂದ ಕಿತ್ತೂರಿನ ಮಲ್ಲಸರ್ಜ ದೇಸಾಯಿ ಹುಲಿಗೆ ಬಾಣ ಬಿಟ್ಟ, ಹೋಗಿ ನೋಡಿದರೆ ಹುಲಿಯ ಮೈಯಲ್ಲಿ ಎರಡು ಬಾಣ, ಎರಡನೆಯದು ಈ ಹುಡುಗಿಯದು ಎಂಬ ಕಥೆಯನ್ನು ನೀವೆಲ್ಲ ಶಾಲೆಯಲ್ಲಿ ಕೇಳಿದ್ದೀರಿ. ಕಥೆ ಚೆಂದವಾಗಿದೆ. ಜನರ ಬಾಯಲ್ಲಿ ಬೆಳೆದದ್ದು, ಲಾವಣಿಯಲ್ಲಿ ಹಾಡಿದ್ದು. ಅದನ್ನು ಕಥೆಯೆಂದೇ ಪ್ರೀತಿಯಿಂದ ಇಟ್ಟುಕೊಳ್ಳೋಣ, ವಂಶಾವಳಿಯ ಹಾಳೆಯ ಮೇಲೆ ಬರೆಯುವುದು ಬೇಡ.

ಹುಟ್ಟಿದ ದಿನದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಬಹಳ ಪುಸ್ತಕಗಳಲ್ಲಿ 1778ರ ಅಕ್ಟೋಬರ್ 23 ಎಂದಿದೆ. ಕೆಲವು ಕಡೆ ನವೆಂಬರ್ 14 ಎಂದೂ ಕಾಣುತ್ತದೆ. ಅಕ್ಟೋಬರ್ 23 ಎಂದರೆ ಯಾವ ದಿನ? 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡು ತಗುಲಿ ಸತ್ತ ದಿನ, ಕಿತ್ತೂರು ಗೆದ್ದ ದಿನ. ಹುಟ್ಟಿದ ದಿನವೂ ಗೆದ್ದ ದಿನವೂ ಒಂದೇ ಆಗಬಾರದೆಂದೇನಿಲ್ಲ, ಆಗಬಹುದು. ಆದರೂ ಇತಿಹಾಸದ ವಿದ್ಯಾರ್ಥಿ ಇಂಥ ಹೊಂದಾಣಿಕೆಯನ್ನು ಕಂಡಾಗ ಹುಬ್ಬೇರಿಸಬೇಕು. ಹುಟ್ಟಿನ ಕಾಗದವಿಲ್ಲದ ಕಡೆ ದೊಡ್ಡ ದಿನವೊಂದು ಸಣ್ಣ ದಿನವನ್ನು ತನ್ನ ಕಡೆಗೆ ಎಳೆದುಕೊಳ್ಳುವುದುಂಟು. ದೂರ ಹೋಗುವುದು ಬೇಡ, ನಿಮ್ಮ ಮನೆಯ ಹಿರಿಯರ ಜನ್ಮದಿನಾಂಕಗಳನ್ನೇ ನೋಡಿ. ಅರ್ಧಕ್ಕರ್ಧ ಜೂನ್ 1! ನಮ್ಮ ಹಳ್ಳಿಗಳ ಹೆಣ್ಣುಮಕ್ಕಳೆಲ್ಲ ಜೂನ್ ಒಂದಕ್ಕೇ ಹಡೆಯುತ್ತಿದ್ದರೇ? ಇಲ್ಲ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದುಕೊಂಡ ದಿನಾಂಕ ಅದು.

ಚೆನ್ನಮ್ಮನ ಹೆಸರು ಸರಕಾರಿ ಕಾಗದಗಳಲ್ಲಿ ದೊಡ್ಡದಾಗಿ ಕಾಣತೊಡಗುವುದು 1824ರಲ್ಲಿ. ಆಗ ಆಕೆಗೆ ಹತ್ತಿರ ಹತ್ತಿರ 46 ವರ್ಷ. ಅದಕ್ಕೆ ಮುಂಚಿನ ಆಯುಷ್ಯವನ್ನು ಬರೆದುಕೊಳ್ಳಲು ಯಾವ ಕಾರಕೂನನಿಗೂ ಕಾರಣವಿರಲಿಲ್ಲ. ಕಾರಣ ಹುಟ್ಟಿದ್ದಾದರೂ ಹೇಗೆ? ಅದೂ ವಂಶಾವಳಿಯಿಂದಲೇ.

ಇದನ್ನು ನೀವು ಹಾಳೆಯ ಮೇಲೆ ಬಿಡಿಸಿ ನೋಡಬೇಕು. ಕಿತ್ತೂರಿನ ಮನೆತನ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರಿಂದ ಶುರುವಾಯಿತು. ಬಿಜಾಪುರದ ಸೈನ್ಯದ ಜೊತೆ ಬಂದು, 1585ರ ಸುಮಾರಿಗೆ ಸಂಪಗಾವಿಯಲ್ಲಿ ನೆಲೆಸಿದವರು. ಮುಂದೆ ಅಲ್ಲಪ್ಪಗೌಡ ಸರದೇಸಾಯಿಯ ಕಾಲಕ್ಕೆ ರಾಜಧಾನಿ ಕಿತ್ತೂರಿಗೆ ಬಂತು. ಇಷ್ಟು ಬೇಗ ಬೇಗ ಹೇಳಿ, ಮಲ್ಲಸರ್ಜನ ಹತ್ತಿರ ನಿಲ್ಲುತ್ತೇನೆ. ಮಲ್ಲಸರ್ಜನಿಗೆ ಇಬ್ಬರು ಹೆಂಡಿರು. ಹಿರಿಯಳು ರುದ್ರಮ್ಮ, ಕಿರಿಯಳು ಕಾಕತಿಯ ಚೆನ್ನಮ್ಮ. ಪುಣೆಯಲ್ಲಿ ಪೇಶವೆಯ ಬಂಧನದಲ್ಲಿದ್ದು ಬಂದ ಮಲ್ಲಸರ್ಜ 1816ರಲ್ಲಿ ತೀರಿಕೊಂಡ. ಚೆನ್ನಮ್ಮನ ಸ್ವಂತ ಮಗ ಉಳಿಯಲಿಲ್ಲ. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದ. ಅವನೂ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುಂಚೆ ಮಾಸ್ತಮರಡಿ ಗೌಡರ ಮಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿದ್ದಾನೆ ಎಂದು ಕಿತ್ತೂರಿನವರು ತಿಳಿಸಿದರು. ಈಗ ಲೆಕ್ಕ ಹಾಕಿ: ಆ ಹುಡುಗ ಚೆನ್ನಮ್ಮನಿಗೆ ಮಲಮಗನ ದತ್ತುಮಗ, ಅಂದರೆ ಮೊಮ್ಮಗ.

ದತ್ತಕದ ಪತ್ರ ಥ್ಯಾಕರೆಯ ಕೈಸೇರಿದ್ದು ದೇಸಾಯಿ ತೀರಿದ ಮೇಲೆ. ಸಹಿ ನಿಜವೇ, ಸಾಯುವವನಿಗೆ ಎಚ್ಚರವಿತ್ತೇ, ಈ ಹುಡುಗ ರಕ್ತಸಂಬಂಧಿಯೇ ಎಂದು ಅವನು ಪ್ರಶ್ನೆ ಎತ್ತಿದ, ದತ್ತಕವನ್ನು ಒಪ್ಪಲಿಲ್ಲ, ಖಜಾನೆಗೆ ಮುದ್ರೆ ಹಾಕಿಸಿದ. ಲಾರ್ಡ್ ಡಾಲ್‌ಹೌಸಿಯ ಹೆಸರಿನ ಜೊತೆ ನೀವು ಪಠ್ಯಪುಸ್ತಕದಲ್ಲಿ ಓದುವ ‘ದತ್ತುಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿ ಬರುವುದಕ್ಕೆ ಎರಡು ದಶಕಕ್ಕಿಂತ ಮುಂಚಿನ ಮಾತು ಇದು. ಒಂದು ಸಂಸ್ಥಾನ ಇರಬೇಕೋ ಹೋಗಬೇಕೋ ಎನ್ನುವುದು ಒಂದು ವಂಶವೃಕ್ಷದ ಒಂದು ಕೊಂಬೆಯ ಮೇಲೆ ನಿಂತಿತ್ತು. ‘ಈ ಹುಡುಗ ಯಾರು?’ ಎಂಬ ಪ್ರಶ್ನೆಗೆ ‘ನಮ್ಮವನು’ ಎಂದು ಚೆನ್ನಮ್ಮ ಕೊಟ್ಟ ಉತ್ತರವೇ ಅಕ್ಟೋಬರ್ 23ರ ಕಾಳಗ. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ಅಲ್ಲೇ 1829ರ ಫೆಬ್ರವರಿಯಲ್ಲಿ ತೀರಿಕೊಂಡಳು. ಆಕೆಯ ಸಮಾಧಿ ಇರುವುದೂ ಅಲ್ಲೇ. ಶಿವಲಿಂಗಪ್ಪನ ಹಕ್ಕಿಗಾಗಿ ಮತ್ತೆ ಕತ್ತಿ ಹಿಡಿದ ಸಂಗೊಳ್ಳಿ ರಾಯಣ್ಣನನ್ನು ನಮ್ಮ ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಗಲ್ಲಿಗೆ ಹಾಕಿದರು.

ಈ ಕಥೆಯಲ್ಲಿ ನನಗೆ ಯಾವಾಗಲೂ ಚುಚ್ಚುವ ಒಂದು ಸಂಗತಿ ಇದೆ. ಸತ್ತ ಥ್ಯಾಕರೆಯ ವಂಶಾವಳಿ ನಮಗೆ ಚೆನ್ನಾಗಿ ಗೊತ್ತು. ಅವನ ಪೂರ್ತಿ ಹೆಸರು ಸೇಂಟ್ ಜಾನ್ ಥ್ಯಾಕರೆ. ಮನೆತನ ಮೂಲದಲ್ಲಿ ಯಾರ್ಕ್‌ಶೈರಿನ ಹ್ಯಾಂಪ್ಸ್‌ತ್ವೇಟ್ ಎಂಬ ಹಳ್ಳಿಯದು. ಅಜ್ಜ ಥಾಮಸ್ ಥ್ಯಾಕರೆ ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯ, 16 ಮಕ್ಕಳ ತಂದೆ. ಅವರಲ್ಲಿ ಒಬ್ಬ ವಿಲಿಯಂ 1766ರಲ್ಲಿ ಬಂಗಾಲಕ್ಕೆ ಬಂದು ಸಿಲ್ಹೆಟ್ಟಿನಲ್ಲಿ ಕಲೆಕ್ಟರನಾದ, ಆನೆ ಹಿಡಿಸಿ ಮಾರಿದ. ಅವನ ಮಕ್ಕಳಲ್ಲಿ ಹಲವರು ಹಿಂದುಸ್ಥಾನಕ್ಕೆ ಬಂದರು, ಕೆಲವರು ಇಲ್ಲೇ ಮಣ್ಣಾದರು. ಒಬ್ಬ ರಿಚ್‌ಮಂಡ್, ಇನ್ನೊಬ್ಬ ನಮ್ಮ ಕಿತ್ತೂರಿನಲ್ಲಿ ಸತ್ತ ಈ ಸೇಂಟ್ ಜಾನ್. ರಿಚ್‌ಮಂಡನ ಮಗ 1811ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ ಮುಂದೆ ‘ವ್ಯಾನಿಟಿ ಫೇರ್’ ಬರೆದ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ಕಿತ್ತೂರಿನ ಥ್ಯಾಕರೆ ಆ ಕಾದಂಬರಿಕಾರನ ಚಿಕ್ಕಪ್ಪ! ಹಂಟರ್ ಎಂಬ ಅಧಿಕಾರಿ 1897ರಲ್ಲಿ ಈ ಮನೆತನದ ಹಿಂದುಸ್ಥಾನದ ಶಾಖೆಯ ಬಗ್ಗೆಯೇ ಪುಸ್ತಕ ಬರೆದ. ಧಾರವಾಡದಲ್ಲಿ ಥ್ಯಾಕರೆಯ ಸ್ಮಾರಕಸ್ತಂಭವೂ ನಿಂತಿತು.

ಅಂದರೆ ‘ನಿಮ್ಮ ವಂಶಾವಳಿ ನಂಬುವಂತಿಲ್ಲ’ ಎಂದು ಹೇಳಿದವನ ಅಜ್ಜನಿಗೆ ಎಷ್ಟು ಮಕ್ಕಳೆಂದು ನಾವು ಎಣಿಸಿ ಹೇಳಬಲ್ಲೆವು. ಕಾಕತಿಯ ಪದ್ಮಾವತಿಯ ತಾಯಿ ಯಾರೆಂದು ಕೇಳಿ ನೋಡಿ!

ಇನ್ನೊಂದು ಸಣ್ಣ ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಂದು ಥ್ಯಾಕರೆಯ ಕೈಕೆಳಗಿನ ಇಬ್ಬರು ಅಧಿಕಾರಿಗಳು ಕಿತ್ತೂರಿನವರಿಗೆ ಸೆರೆ ಸಿಕ್ಕಿದ್ದರು. ಅವರಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಬಿಡುಗಡೆಯಾಗಿ ಬದುಕಿದ ಈತ ಮುಂದೆ ಕರ್ನಾಟಕದ ಸುಮಾರು ಆರುನೂರು ಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ ವಂಶಾವಳಿಯನ್ನು ಜೋಡಿಸಲು ಮೊದಲ ಸಾಮಗ್ರಿ ಒದಗಿಸಿದವರಲ್ಲಿ ಅವನೂ ಒಬ್ಬ. ಕಿತ್ತೂರಿನ ಸೆರೆಮನೆಯಿಂದ ಬಾದಾಮಿಯ ಚಾಲುಕ್ಯರವರೆಗೆ! ಇತಿಹಾಸದ ದಾರಿ ಹೀಗೆಲ್ಲ ಹೊರಳುತ್ತದೆ.

ಹಾಗಾದರೆ ನಮ್ಮಲ್ಲಿ ವಂಶಾವಳಿ ಬರೆಯುವವರು ಇರಲೇ ಇಲ್ಲವೇ? ಇದ್ದರು. ಈಗಲೂ ಇದ್ದಾರೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಳವರನ್ನು ನೀವು ನೋಡಿರಬಹುದು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಊರಿಗೆ ಬರುತ್ತಾರೆ. ಒಬ್ಬೊಬ್ಬ ಹೆಳವನಿಗೆ ಇಂತಿಂಥ ಊರು, ಇಂತಿಂಥ ಮನೆತನ ಎಂದು ವಂಶಪಾರಂಪರ್ಯವಾಗಿ ಹಂಚಿಕೆಯಾಗಿರುತ್ತದೆ. ಅಂಗಳದಲ್ಲಿ ನಿಂತು ನಿಮ್ಮ ಮೂಲಪುರುಷನಿಂದ ಹಿಡಿದು ಇಂದಿನ ಕೂಸಿನವರೆಗೆ ಹೆಸರು ಹೇಳುತ್ತಾನೆ. ಯಾವ ಊರಿಂದ ಬಂದಿರಿ, ಯಾವ ಬರಗಾಲಕ್ಕೆ ಊರು ಬಿಟ್ಟಿರಿ, ನಿಮ್ಮ ಬೆಡಗು ಯಾವುದು, ಮನೆದೇವರು ಯಾರು, ಎಲ್ಲ. ಹೊಸದಾಗಿ ಹುಟ್ಟಿದವರನ್ನು ಕೇಳಿ ತನ್ನ ಹೊತ್ತಿಗೆಯಲ್ಲಿ ಸೇರಿಸಿಕೊಳ್ಳುತ್ತಾನೆ. ಬದಲಿಗೆ ಕಾಳು, ಹಣ, ಬಟ್ಟೆ, ಅನುಕೂಲವಿದ್ದವರು ಕರುವನ್ನೋ ಪಾತ್ರೆಯನ್ನೋ ಕೊಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆಯೊಂದು ಹೆಳವರ ಹೊತ್ತಿಗೆಗಳ ಛಾಯಾಪ್ರತಿ ತೆಗೆಸುವ ಕೆಲಸ ಕೈಗೊಂಡಿತು. ನಾವು ಭಿಕ್ಷುಕರೆಂದು ಬಾಗಿಲಲ್ಲಿ ನಿಲ್ಲಿಸಿದವರ ಕೈಯಲ್ಲಿ ಏನಿದೆ ಎನ್ನುವುದು ಅಲ್ಲಿಯವರಿಗೆ ಗೊತ್ತಾಯಿತು.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ನಂದಗಡದ ಹತ್ತಿರದ ನಮ್ಮ ಹಳ್ಳಿಗೆ ಹೆಳವ ಬಂದಿದ್ದ. ನಮ್ಮ ಪಡಸಾಲೆಯಲ್ಲಿ ಕೂತು ಏಳು ತಲೆಮಾರು ಹೇಳಿದ. ಅಜ್ಜ ಮೀಸೆ ನೀವುತ್ತ ಕೇಳುತ್ತಿದ್ದರು. ನನ್ನ ಹೆಸರೂ ಬಂದಾಗ ನನಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಆಗ ಅಡುಗೆಮನೆಯ ಹೊಸ್ತಿಲ ಬಳಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದ ಆಯಿ ಕೇಳಿದಳು: ‘ನನ್ನ ಹೆಸರು ಎಲ್ಲೈತೋ ಯಪ್ಪಾ ಅದರಾಗ?’

ಹೆಳವ ಹೊತ್ತಿಗೆಯ ಹಾಳೆ ತಿರುವಿದ. ‘ಇಲ್ಲಿ ಐತಲ್ರೀ ಯವ್ವಾ, ಕಾಕತಿ ಹೆಣ್ಣು ತಂದದ್ದು ಅಂತ ಬರದೈತಿ’ ಎಂದ.

‘ಹೆಸರು?’

‘ನೀವು ಆ ಮನಿ ಮಗಳ್ರೀ. ನಿಮ್ಮ ಹೆಸರು ಅಲ್ಲಿ ಹೊತ್ತಿಗ್ಯಾಗ ಇರಬೇಕು. ಆ ಊರು ನನ್ನ ಪಾಲಿಗೆ ಬರಾಂಗಿಲ್ಲ.’

ಆಯಿ ಮತ್ತೇನೂ ಅನ್ನಲಿಲ್ಲ. ಮೊರದ ಸದ್ದು ಮಾತ್ರ ಸ್ವಲ್ಪ ಜೋರಾಯಿತು. ಹೆಳವನಿಗೆ ಕಾಳು ತಂದು ಸುರಿದವಳೂ ಅವಳೇ.

ಆ ಸಣ್ಣ ಸಾಲನ್ನು ನಾನು ಬಹಳ ವರ್ಷ ಮರೆತಿದ್ದೆ. ಈಗ ಅನಿಸುತ್ತದೆ, ಹೆಳವ ಒಂದು ಬೀಗದ ಕೈ ಕೊಟ್ಟಿದ್ದ. ‘ಕಾಕತಿ ಹೆಣ್ಣು’ ಎಂದರೆ ಊರು ಸಿಕ್ಕಿತು. ಹೆಣ್ಣಿನ ವಂಶಾವಳಿ ಹುಡುಕುವವರಿಗೆ ಮೊದಲು ಬೇಕಾದದ್ದು ಹೆಸರಲ್ಲ, ಊರು. ಊರು ಸಿಕ್ಕರೆ ಹೆಸರನ್ನು ಹುಡುಕಬಹುದು. ಹೆಸರೊಂದೇ ಇದ್ದರೆ ಜಿಲ್ಲೆಯ ತುಂಬ ಸಾವಿರ ಬಸವ್ವಂದಿರು, ಸಾವಿರ ಗಂಗವ್ವಂದಿರು.

ಊರು ಗೊತ್ತಾದ ಮೇಲೆ ಎಲ್ಲಿ ಹುಡುಕಬೇಕು? ನಾನು ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ. ನೇರವಾಗಿ ಕಚೇರಿಗೆ ಹೋದೆ. ಹಳೆಯ ಜನನ ಮರಣದ ಪುಸ್ತಕ ಕೇಳಿದೆ. ಎರಡು ಸಲ ‘ನಾಳೆ ಬರ್ರಿ’ ಎನ್ನಿಸಿಕೊಂಡು ಮೂರನೆಯ ಸಲ ಹೋದಾಗ ನನಗೆ ಬೇಕಾದ ವರ್ಷದ ಪುಸ್ತಕವನ್ನು ಗೆದ್ದಲು ಅರ್ಧ ತಿಂದಿತ್ತು. ಉಳಿದ ಅರ್ಧದಲ್ಲಿ ತಂದೆಯ ಹೆಸರಿನ ಮುಂದೆ ‘ಹೆಣ್ಣು’ ಎಂದಷ್ಟೇ ಬರೆದ ಸಾಲುಗಳೇ ಹೆಚ್ಚು. ಹೆಸರಿಡುವ ಮುಂಚೆಯೇ ವರದಿ ಕೊಟ್ಟರೆ ಹಾಗೆಯೇ ಆಗುವುದು. ಜನಗಣತಿಯಲ್ಲಿ ಸಿಗಬಹುದಲ್ಲ ಎಂದು ನೀವು ಕೇಳಬಹುದು. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಗಣತಿಯ ಹಾಳೆಗಳನ್ನು ಜನರಿಗೆ ತೆರೆದಿಡುತ್ತಾರೆ. ನಮ್ಮಲ್ಲಿ 1948ರ ಜನಗಣತಿ ಕಾನೂನಿನ ಪ್ರಕಾರ ಒಬ್ಬೊಬ್ಬರ ವಿವರವನ್ನು ಯಾರೂ ನೋಡುವಂತಿಲ್ಲ. ಆ ಬಾಗಿಲು ಮುಚ್ಚಿದೆ.

ಕಚೇರಿಗೆ ಹೋಗುವ ಮುಂಚೆ ನಾನು ಅಟ್ಟ ಹತ್ತಬೇಕಾಗಿತ್ತು. ನಮ್ಮ ಕಡೆ ಮಗಳ ಮದುವೆಗೆ ತವರಿನವರು ಕೊಡ, ಹಂಡೆ, ಪರಾತ ಕೊಡುವಾಗ ಕಂಠದ ಸುತ್ತ ಹೆಸರು ಕೆತ್ತಿಸಿ ಕೊಡುತ್ತಾರೆ. ಎಷ್ಟೋ ಸಲ ವರ್ಷವನ್ನೂ ಹಾಕಿಸುತ್ತಾರೆ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲಿಗೆ ಹಿಡಿದು, ಓರೆಯಾಗಿ ನೋಡಿ. ಚುಕ್ಕಿ ಚುಕ್ಕಿಯಾಗಿ ಅಕ್ಷರ ಏಳುತ್ತವೆ. ಬೆಳಗಾವಿ ಸೀಮೆಯಲ್ಲಿ ಅದು ಕನ್ನಡದಲ್ಲಿರಬಹುದು, ಮರಾಠಿಯಲ್ಲಿರಬಹುದು. ಹಳೆಯ ಲೆಕ್ಕಪತ್ರಗಳಾದರೆ ಮೋಡಿ ಲಿಪಿಯಲ್ಲಿರಬಹುದು. ಮೋಡಿ ಓದಬಲ್ಲವರು ಈಗ ಕಡಿಮೆ. ನಿಮ್ಮ ಊರಿನಲ್ಲಿ ಒಬ್ಬರಿದ್ದರೆ ಈ ರಜೆಯಲ್ಲೇ ಹೋಗಿ ಕಲಿತುಕೊಳ್ಳಿ.

ಹೆಸರುಗಳ ವಿಷಯದಲ್ಲಿ ಎರಡು ಮಾತು ನೆನಪಿಡಿ. ತೀರಿಹೋದ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ರೂಢಿ ನಮ್ಮಲ್ಲಿದೆ. ಆದ್ದರಿಂದ ಒಂದು ಹೆಸರು ಒಂದು ತಲೆಮಾರು ಬಿಟ್ಟು ಮತ್ತೆ ಮತ್ತೆ ಬಂದರೆ ಅದು ಮೇಲಿನ ತಲೆಮಾರಿನ ಸುಳಿವು. ಎರಡನೆಯದಾಗಿ, ಕೆಲವು ಮನೆಗಳಲ್ಲಿ ಮದುವೆಯಲ್ಲಿ ಹೆಣ್ಣಿನ ಹೆಸರನ್ನೇ ಬದಲಿಸುತ್ತಾರೆ. ಅಂಥವಳನ್ನು ತವರಿನಲ್ಲಿ ಒಂದು ಹೆಸರಿನಿಂದ, ಗಂಡನ ಮನೆಯಲ್ಲಿ ಇನ್ನೊಂದು ಹೆಸರಿನಿಂದ ಹುಡುಕಬೇಕು. ಇನ್ನು ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವ ಮನೆಗಳಲ್ಲಿ ನಿಮ್ಮ ವಂಶವೃಕ್ಷ ಮರದಂತೆ ಕವಲೊಡೆಯುವುದಿಲ್ಲ, ಜಡೆಯಂತೆ ಹೆಣೆದುಕೊಳ್ಳುತ್ತದೆ. ಒಬ್ಬನೇ ಮುತ್ತಜ್ಜ ಎರಡು ಕಡೆ ಬರುತ್ತಾನೆ. ಕಂಪ್ಯೂಟರಿನ ಸಿದ್ಧ ನಮೂನೆಗಳಿಗೆ ಇದು ಒಗ್ಗುವುದಿಲ್ಲ, ದೊಡ್ಡ ಹಾಳೆಯ ಮೇಲೆ ಕೈಯಿಂದಲೇ ಬಿಡಿಸಿ. ಅಡ್ಡಗೆರೆಗಳು ಹೆಚ್ಚಾದರೆ ಹೆದರಬೇಡಿ.

ಮತ್ತೆ, ಬೀಸುವ ಕಲ್ಲಿನ ಹಾಡು ಬಲ್ಲ ಮುದುಕಿಯರು ಮನೆಯಲ್ಲಿದ್ದರೆ ಮೊದಲು ಅವರ ಹತ್ತಿರ ಕೂಡಿ. ಆ ಹಾಡುಗಳಲ್ಲಿ ತವರಿನ ಊರು, ಅಣ್ಣತಮ್ಮಂದಿರ ಹೆಸರು, ಬಾವಿ, ಗುಡಿ ಎಲ್ಲ ಬರುತ್ತವೆ. ಹಾಡಿದವಳು ತನ್ನ ಅಣ್ಣನ ಹೆಸರನ್ನೇ ಸೇರಿಸಿ ಹಾಡಿರುತ್ತಾಳೆ. ಪ್ರಶ್ನೆ ಕೇಳುವ ರೀತಿಯೂ ಮುಖ್ಯ. ‘ನಿಮ್ಮ ವಂಶಾವಳಿ ಹೇಳಿ’ ಎಂದರೆ ಯಾವ ಮುದುಕಿಯೂ ಬಾಯಿ ಬಿಡುವುದಿಲ್ಲ. ‘ಪಂಚಮಿಗೆ ನಿಮ್ಮನ್ನ ಕರಿಯಾಕ ಯಾರು ಬರತಿದ್ದರು?’ ಎಂದು ಕೇಳಿ. ಅಣ್ಣನ ಹೆಸರು ತಾನಾಗಿಯೇ ಬರುತ್ತದೆ. ಅವನು ಯಾವ ದಾರಿಯಿಂದ ಬಂದ, ಬಂಡಿಯಲ್ಲಿ ಬಂದನೋ ನಡೆದು ಬಂದನೋ, ಯಾವ ವರ್ಷ ಬರುವುದನ್ನು ನಿಲ್ಲಿಸಿದ ಎಲ್ಲವೂ ಬರುತ್ತದೆ.

ನನ್ನ ಆಯಿಯನ್ನು ನಾನು ಹೀಗೆ ಕೇಳಲಿಲ್ಲ. ಕೇಳುವ ಬುದ್ಧಿ ಬರುವಷ್ಟರಲ್ಲಿ ಅವಳಿರಲಿಲ್ಲ. ಅಟ್ಟದ ಮೇಲೆ ಒಂದು ತಾಮ್ರದ ಕೊಡ ಸಿಕ್ಕಿತು. ಅದರ ಮೇಲೆ ಅವಳ ಹೆಸರಿರಲಿಲ್ಲ, ಅವಳ ತಂದೆಯದೆಂದು ನಾನು ಊಹಿಸಿದ ಹೆಸರು, ‘ಕಾಕತಿ’ ಎಂಬ ಊರು, ಎರಡೇ ಇದ್ದವು. ಊಹೆಯನ್ನು ಸತ್ಯ ಮಾಡಲು ಇನ್ನೊಂದು ಸಾಕ್ಷಿ ಬೇಕು. ಆ ಸಾಕ್ಷಿ ಎಲ್ಲಿ ಸಿಕ್ಕಿತು ಗೊತ್ತೇ? ಹೊಲದ ಕಾಗದದಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನು ಬಂದ ಮೇಲೆ, ತಂದೆ ಮೃತ್ಯುಪತ್ರ ಬರೆಯದೆ ತೀರಿದರೆ ಅವನ ಪಾಲಿನ ಆಸ್ತಿಗೆ ಮಗಳೂ ವಾರಸುದಾರಳಾದಳು. ಕರ್ನಾಟಕ 1994ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಇಂಥದೇ ತಿದ್ದುಪಡಿ ಬಂತು. ಆದರೆ 1956ರ ಕಾನೂನೇ ನಮ್ಮಂಥ ಹುಡುಕುವವರಿಗೆ ಒಂದು ಉಪಕಾರ ಮಾಡಿತ್ತು. ತಂದೆ ತೀರಿದ ಮೇಲೆ ಗಂಡುಮಕ್ಕಳ ಹೆಸರಿಗೆ ಹೊಲ ಏರಬೇಕಾದರೆ ತಲಾಠಿಯ ಮುಂದೆ ಎಲ್ಲ ವಾರಸುದಾರರ ಹೆಸರನ್ನೂ ಹೇಳಬೇಕು. ವಾರಸಾ ಡೈರಿಯಲ್ಲಿ ಮಗಳ ಹೆಸರು, ಅವಳ ಗಂಡನ ಹೆಸರು, ಕೊಟ್ಟ ಊರು ಒಟ್ಟಿಗೆ ಬರುತ್ತವೆ. ತವರು, ಗಂಡನ ಮನೆ ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿಹಾಕುವ ಕಾಗದ ಇದಕ್ಕಿಂತ ಬೇರೆ ಬಹಳ ಇಲ್ಲ. ಈ ಸಾಲು ಇರುವುದು ನೀವು ವಾಸಿಸುವ ಊರಿನ ದಫ್ತರದಲ್ಲಿ ಅಲ್ಲ, ತವರಿನ ಊರಿನ ದಫ್ತರದಲ್ಲಿ. ಆದ್ದರಿಂದಲೇ ಊರು ಮುಖ್ಯ ಎಂದು ಹೇಳಿದ್ದು.

ಕಾಕತಿಗೆ ಹೋದೆ. ಕೊಡದ ಮೇಲಿನ ಹೆಸರು ಹೇಳಿದೆ. ದೇಸಾಯರ ವಾಡೆಯ ಹಿಂದಿನ ಓಣಿಯಲ್ಲಿ ಆ ಹೆಸರಿನ ಮನೆ ಇತ್ತು ಎಂದು ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಹೇಳಿದರು. ವಾಡೆಯ ಹಳೆಯ ಗೋಡೆಗಳ ಮುಂದೆ ಹಾದು ಆ ಓಣಿಗೆ ಹೋದೆ. ಚೆನ್ನಮ್ಮ ಆಡಿದ ನೆಲವೂ ಇದೇ, ನನ್ನ ಆಯಿ ಆಡಿದ ನೆಲವೂ ಇದೇ ಎಂದು ಆ ಕ್ಷಣಕ್ಕೆ ಅನಿಸಿದ್ದು ನಿಜ. ಮನೆ ಇರಲಿಲ್ಲ. ಅದೇ ಜಾಗದಲ್ಲಿ ಬೇರೆಯವರ ಹೊಸ ಮನೆ ಇತ್ತು. ಆದರೆ ಸರ್ವೆ ನಂಬರು ಸಿಕ್ಕಿತು, ಸರ್ವೆ ನಂಬರಿನಿಂದ ಡೈರಿ ನಂಬರು ಸಿಕ್ಕಿತು, ಹಲವು ವಾರಗಳ ಮೇಲೆ ಡೈರಿಯ ನಕಲು ಕೈಗೆ ಬಂತು.

ಅದರಲ್ಲಿ ಆಯಿಯ ಹೆಸರಿತ್ತು. ತಂದೆಯ ಹೆಸರು ಕೊಡದ ಮೇಲಿದ್ದದ್ದೇ. ಗಂಡನ ಹೆಸರು ನನ್ನ ಅಜ್ಜನದು. ಊರು ನಮ್ಮದು. ಇಬ್ಬರು ಅಣ್ಣಂದಿರು, ಒಬ್ಬ ತಂಗಿ ಇದ್ದರೆಂಬುದು ಅಲ್ಲೇ ಮೊದಲ ಸಲ ತಿಳಿಯಿತು. ತಾಯಿಯ ಹೆಸರೂ ಇತ್ತು, ಮೃತನ ಹೆಂಡತಿಯೆಂದು. ಹಾಳೆಯ ಹಿಂಬದಿಯಲ್ಲಿ ನನ್ನ ಪೆನ್ಸಿಲ್ಲು ನಿಂತಿದ್ದ ಜಾಗದಲ್ಲಿ ನಾನು ಬರೆಯಬೇಕಾಗಿದ್ದ ಹೆಸರು ಅದು.

ಡೈರಿಯ ಕೊನೆಯ ಭಾಗವನ್ನು ಓದಿದಾಗ ನನಗೆ ಗೊತ್ತಾಯಿತು, ಆಯಿಯನ್ನು ಅಲ್ಲಿಗೆ ಕರೆಸಿದ್ದು ಏಕೆಂದು. ತಂಗಿಯೂ ತಾನೂ ತಂದೆಯ ಹೊಲದಲ್ಲಿ ತಮಗೆ ಬರುವ ಹಕ್ಕನ್ನು ಅಣ್ಣಂದಿರಿಗೆ ಬಿಟ್ಟುಕೊಟ್ಟಿದ್ದೇವೆ, ತಮ್ಮದೇನೂ ತಕರಾರಿಲ್ಲ ಎಂದು ಹೇಳಿಕೆ ಕೊಟ್ಟಿದ್ದಾರೆ. ನಾನು ಇಷ್ಟು ವರ್ಷ ಹುಡುಕಿದ ಕಾಗದಗಳಲ್ಲಿ ಅವಳ ಹೆಸರು, ಅವಳ ತಂದೆತಾಯಿಯ ಹೆಸರು, ಅವಳ ಊರು ಎಲ್ಲ ಒಟ್ಟಿಗೆ ಇರುವುದು ಇದೊಂದರಲ್ಲೇ. ಕೆಳಗೆ ಎರಡು ಹೆಬ್ಬೆಟ್ಟಿನ ಗುರುತುಗಳಿವೆ. ನಕಲಿನಲ್ಲಿ ಎರಡೂ ಕಪ್ಪಾಗಿ ಮಸುಕಾಗಿವೆ, ಯಾವುದು ಆಯಿಯದು ಎಂದು ಪಕ್ಕದಲ್ಲಿ ಕಾರಕೂನ ಬರೆದದ್ದರಿಂದ ತಿಳಿಯುತ್ತದೆ. ತಾರೀಖು ನೋಡಿದೆ. ಪಂಚಮಿಯ ಹಬ್ಬದ ಮರುವಾರ. ಆ ವರ್ಷ ಅಣ್ಣ ಅವಳನ್ನು ಕರೆಯಲು ಬಂದಿ‌ದ್ದನೆಂದಾಯಿತು.